ಪರಂಗಿಯ ತವರು

ಹಾಲಿನ ಲೆಕ್ಕದ ಪುಸ್ತಕ ಬೋರಲು ಮಾಡಿ
ಹಿಂದಿನ ಹಾಳೆಯಿಂದ ಬರೆಯಲು ಹಿಡಿದೆವು.
ಈ ಕಡೆಯಿಂದ ಹಾಲು, ಆ ಕಡೆಯಿಂದ ಗ್ವಾಟೆಮಾಲ;
ಯಾವ ತಿಂಗಳಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೋ
ಚಾಮುಂಡಿಯೇ ಬಲ್ಲಳು.

ದೇಶ ಆರಿಸಿದ್ದು ಧಾತ್ರಿ. ಒಂಬತ್ತನೇ ಕ್ಲಾಸು.
ಊಟದ ಮೇಜಿನ ಮೇಲೆ ನಕಾಶೆ ಹರಡಿ
ಮೂಲೆಗೊಂದು ಭಾರ ಇಟ್ಟಳು:
ಉಪ್ಪಿನ ಜಾಡಿ, ಇವರ ಕನ್ನಡಕದ ಡಬ್ಬಿ,
ನನ್ನ ಬಿಪಿ ಮಾತ್ರೆ, ಅರ್ಧ ಕೊಯ್ದ ಪರಂಗಿ ಹಣ್ಣು.
‘ಮಾಯಾ ಅಂದರೆ ಮಾಯವಾದವರು ತಾನೆ?’ ಇವರು ಕೇಳಿದರು.
‘ಯಾರು ಹೇಳಿದ್ದು? ಈಗಲೂ ಇದ್ದಾರಪ್ಪ.
ಸಂತೆಯಲ್ಲಿ ಕೂತು ಟೊಮೆಟೊ ಮಾರುತ್ತಾರೆ.
ಮನೆಯಲ್ಲೊಂದು ಮಾತು, ಸ್ಕೂಲಲ್ಲೊಂದು ಮಾತು.
ನಮ್ಮ ಹಾಗೇ.’

ಇವರು ಮಂಡಿ ಮೊಹಲ್ಲಾದಲ್ಲಿ ಟೈರಿಗೆ ರೀಸೋಲು ಹಾಕುವವರು,
ರಸ್ತೆಗಿಂತ ರಬ್ಬರನ್ನು ಹೆಚ್ಚು ನಂಬಿದವರು.
ಇಪ್ಪತ್ತು ತಿಂಗಳ ಚೀಟಿಯನ್ನು ಹದಿನಾರಕ್ಕೇ ಕೂಗಿದರು.
ಯಾತಕ್ಕೆ ಎಂದ ಫಯಾಜಣ್ಣನಿಗೆ
‘ಮೆಟ್ಟಿಲು ಹತ್ತೋಕೆ’ ಎಂದರಂತೆ.

ಮೆಟ್ಟಿಲೇ ಮೆಟ್ಟಿಲು ಅಲ್ಲಿ. ಕಾಡಿನ ನೆತ್ತಿ ಸೀಳಿ
ಮೇಲೆದ್ದ ಕಲ್ಲುಗುಡಿಗಳು. ಇಳಿಯುವಾಗ
ಏಡಿಯ ಹಾಗೆ ಅಡ್ಡಡ್ಡ ಇಳಿಯಬೇಕಂತೆ.
ಅದಕ್ಕೇ ಭಾನುವಾರ ಐದಕ್ಕೆದ್ದು
ನಮ್ಮ ಬೆಟ್ಟದ ಮೇಲೆ ಅಭ್ಯಾಸ.
ಇನ್ನೂರಕ್ಕೆ ಇವರು ಕೂತರು, ನಾನು ಮುನ್ನೂರಕ್ಕೆ.
ಒಂದೊಂದು ಮೆಟ್ಟಿಲಿಗೂ ಬಗ್ಗಿ
ಅರಿಶಿನ ಕುಂಕುಮ ಹಚ್ಚುತ್ತ ಬಂದ ಹೆಂಗಸು
ನಮ್ಮನ್ನು ಹಿಂದೆ ಹಾಕಿ ಹೋದಳು.

ಯಾವಾಗ ಹೋಗುವುದು?
ದಸರೆಗೆ ಆಗದು. ದಸರೆಯಲ್ಲಿ ಮೈಸೂರಿನವರಿಗೆ
ಮೈಸೂರೇ ಇರುವುದಿಲ್ಲ;
ಚಾಪೆ, ಚೊಂಬು, ಬಚ್ಚಲು ಎಲ್ಲ ನೆಂಟರದು.
ಮೇ ಕಳೆದರೆ ಅಲ್ಲಿ ಮಳೆ.
ಏಪ್ರಿಲ್ ಎಂದು ಬರೆದು ಅಡಿಗೆರೆ ಎಳೆದೆ. ಮತ್ತೊಂದು ಎಳೆದೆ.

ಸೊಳ್ಳೆಗೆ ಮುಲಾಮು, ಟಾರ್ಚು, ಮೆಣಸಿನಪುಡಿ.
ಪುಡಿಯನ್ನು ಧಾತ್ರಿ ಹೊಡೆದುಹಾಕಿದಳು.
‘ಮೆಣಸಿನಕಾಯಿ ಹುಟ್ಟಿದ ಸೀಮೆಗೆ ಮೆಣಸಿನಪುಡಿಯಾ, ಅಮ್ಮ?
ಸಪೋಟ, ಸೀಬೆ, ಹಿತ್ತಿಲ ಪರಂಗಿ,
ಎಲ್ಲಕ್ಕೂ ಆ ಕಡೆಯೇ ತವರು.’
ಕೈಯಲ್ಲಿದ್ದ ಹೋಳು ನೋಡಿದೆ.
ಹೆಸರು ಹಿಡಿದೇ ಪರದೇಶಿ ಎಂದು ಕೂಗುತ್ತ
ಎಷ್ಟು ಕಾಲ ಹಿತ್ತಿಲಲ್ಲಿ ದುಡಿಸಿಕೊಂಡೆವು ಇದನ್ನು!
ಬರೆದೆ: ತವರಿಗೆ ಬರಿಗೈಯಲ್ಲಿ ಹೋಗಬಾರದು.
ಏನು ಒಯ್ಯುವುದೆಂದು ಬರೆಯಲಿಲ್ಲ, ತೋಚಲಿಲ್ಲ.

ಪುಸ್ತಕದಲ್ಲಿ ಎಲ್ಲೂ ಇಲ್ಲದವರು ಅತ್ತೆ.
ಎಪ್ಪತ್ತೊಂದು. ಮಂಡಿ ನೋವು. ಬೂರುಗದ ಹತ್ತಿಯ
ದಿಂಬಿಲ್ಲದೆ ನಿದ್ದೆಯಿಲ್ಲ.
ಮೂರು ಟಿಕೆಟ್ಟಿಗೆ ಮನಸ್ಸಿನಲ್ಲೇ ಗುಣಿಸಿದ್ದೆವು,
ಬಾಯಿ ಬಿಟ್ಟು ಯಾರೂ ಮೂರು ಎನ್ನಲಿಲ್ಲ.
ನಾದಿನಿಗೆ ಫೋನು ಮಾಡಿ
‘ಒಂದು ಹದಿನೈದು ದಿನ...’ ಎಂದು ರಾಗ ಎಳೆದಿದ್ದೆ.

ಆ ಸಂಜೆ ಧಾತ್ರಿ ಚಿತ್ರ ತೋರಿಸುತ್ತಿದ್ದಳು:
ಗಡಿ ದಾಟಿದರೆ ಮೆಕ್ಸಿಕೋ,
ಅಲ್ಲಿ ಸುಣ್ಣಕಲ್ಲಿನ ನೆಲ ಕುಸಿದು ಆದ ಬಾವಿ.
ಒಳಗೆ ನೀಲಿ ನೀರು, ಮೇಲಿಂದ ಜೋತ ಬೇರು.
ಇವರು ಕುರ್ಚಿ ಹಿಂದಕ್ಕೆ ಸರಿಸಿದರು.
ನಾನು ಅಡ್ಡಗೆರೆ ಎಳೆದೆ. ನಮ್ಮಿಬ್ಬರಿಗೂ ಈಜು ಬಾರದು;
ಕಾವೇರಿಯಲ್ಲಿ ಹರಿಗೋಲು ಹತ್ತಿದರೂ ಬೆವರುತ್ತೇವೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ
ಮೊರ ಬದಿಗಿಟ್ಟು ಬಗ್ಗಿ ನೋಡಿದರು.
‘ಇದ್ಯಾವ ಗೋಡೆಮಾಲೆ? ನಮ್ಮೂರ ದೊಡ್ಡಬಾವಿ ಕಣವ್ವ ಇದು!
ಬಸರಾಳಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿ
ನಮ್ಮಪ್ಪ ಎತ್ತಿ ಒಗ್ದಿದ್ದ. ಮೂರನೇ ದಿನಕ್ಕೆ
ಬುರುಡೆ ನಾನೇ ಕಿತ್ತೆಸ್ದೆ.
ತಳದ ಮಣ್ಣು ಹಿಡ್ಕಂಡು ಬಂದು ತೋರುಸ್ಬೇಕು, ಅದೇ ಪಂತ.
ಏಳು ಗಂಡೈಕ್ಳು, ನಾನೊಬ್ಳು.
ದೊಡ್ಡೋಳಾದ ಮ್ಯಾಕೆ ಬಾವಿ ಕಡೀಕೇ ಬಿಡ್ನಿಲ್ಲ.’
ಮತ್ತೆ ಮೊರ ಎಳೆದುಕೊಂಡರು.

ಹದಿನೇಳು ವರ್ಷ ಒಂದೇ ಒಲೆ, ಒಂದೇ ಬಚ್ಚಲು;
ಈ ಹೆಂಗಸಿಗೆ ಈಜು ಬರುತ್ತದೆಂದು
ನನಗೆ ಗೊತ್ತಿರಲಿಲ್ಲ.
ಅವರ ಮಗನಿಗೂ.

ಸೋಮವಾರ ಪಾಸ್‌ಪೋರ್ಟಿನ ಫೋಟೋ.
‘ನಗಬಾರದು ಅಜ್ಜಿ, ಅಲ್ಲಾಡಬಾರದು’
ಎಂದ ಸ್ಟುಡಿಯೋದ ಹುಡುಗ.
ಅತ್ತೆ ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಉಸಿರು ಹಿಡಿದರು.
ಬೆಳಕು ಮಿಂಚಿತು. ಆಯ್ತು, ಏಳಿ ಎಂದ.

ಏಳಲಿಲ್ಲ. ಉಸಿರೂ ಬಿಡಲಿಲ್ಲ.
ತಳದ ಮಣ್ಣು ಇನ್ನೂ
ಕೈಗೆ ಸಿಕ್ಕಿರಲಿಲ್ಲವೇನೋ.